ಗಾಜಿನ ಮೇಷ್ಟ್ರ ಬಾಗಿಲು

ಹತ್ತೊಂಬತ್ತು ವರ್ಷ ಒಂದೇ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಒಂದೇ ಒಂದು ದೂರಿಲ್ಲದೆ ನಿವೃತ್ತರಾದವರು ಅಂತ ಗಾಜಿನ ಮೇಷ್ಟ್ರಿಗೆ ಊರಲ್ಲೆಲ್ಲ ಹೆಸರಿತ್ತು. ಗಾಜು ಅನ್ನುವ ಅಡ್ಡಹೆಸರು ಹುಟ್ಟಿದ್ದು ಶಿಕ್ಷಕರ ಕೊಠಡಿಯಲ್ಲಿ. ಅದು ಹೇಗೋ ಅವರ ಕಿವಿಗೂ ಬಿದ್ದಿತ್ತು. ಬಿದ್ದಾಗ ಬೇಜಾರಾಗುವ ಬದಲು ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ದಪ್ಪ ಕನ್ನಡಕ, ಇಸ್ತ್ರಿ ಕೆಡದ ಬಿಳಿ ಅಂಗಿ, ಮೇಜಿನ ಮೇಲೆ ಒಂದು ಚೂರು ಧೂಳು ಕಂಡರೂ ಜೇಬಿನಿಂದ ಕರ್ಚೀಫು ತೆಗೆಯುವ ಅಭ್ಯಾಸ. ಗಾಜು ಅನ್ನದೆ ಇನ್ನೇನು ಅಂದಾರು ಅಂತ ಹೆಂಡತಿಯ ಹತ್ತಿರ ಹೇಳಿಕೊಂಡು ನಕ್ಕಿದ್ದರು. ಹೆಂಡತಿ ನಕ್ಕಿರಲಿಲ್ಲ. ಒಗೆದ ಬಟ್ಟೆ ಮಡಚುತ್ತಾ ಇದ್ದವರು ಮಡಚುತ್ತಲೇ ಇದ್ದುಬಿಟ್ಟಿದ್ದರು.

ಮೇಷ್ಟ್ರಿಗೆ ಎಪ್ಪತ್ತೊಂದು ತುಂಬಿದ ವರ್ಷ ಶಿಕ್ಷಣ ಕಚೇರಿಯಿಂದ ಒಂದು ಪತ್ರ ಬಂತು. ಹೊಸದಾಗಿ ಪ್ರಿನ್ಸಿಪಾಲ್ ಆದವರು ವರ್ಷ ತುಂಬುವ ಮೊದಲೇ ಈ ಕುರ್ಚಿ ಬೇಡ, ನಮ್ಮನ್ನು ಮತ್ತೆ ಪಾಠಕ್ಕೇ ಕಳಿಸಿ ಅನ್ನುತ್ತಿದ್ದಾರಂತೆ. ಹಳಬರು ವಾರಕ್ಕೊಮ್ಮೆ ಹೋಗಿ ಅವರ ಜೊತೆ ಕೂತು, ಕಷ್ಟ ಕೇಳಿ, ದಾರಿ ತೋರಿಸಬೇಕು. ಒಬ್ಬರಿಗೆ ಒಬ್ಬರು, ಆರು ತಿಂಗಳು. ಮೇಷ್ಟ್ರು ಪತ್ರವನ್ನು ಎರಡು ಸಲ ಓದಿ ಅಂದೇ ಒಪ್ಪಿಗೆ ಬರೆದರು. ಅವರ ಕೈಬರಹ ಇನ್ನೂ ಅಚ್ಚು ಹಾಕಿದಂತಿತ್ತು.

ಎರಡು ದಿನದ ತರಬೇತಿಯಲ್ಲಿ ಹದಿನಾಲ್ಕು ಮಂದಿ ಮಾಜಿ ಮುಖ್ಯಸ್ಥರು ಸುತ್ತ ಕೂತು ತಮ್ಮ ತಮ್ಮ ಕಾಲದ ಪಾಡು ಹೇಳಿಕೊಂಡರು. ಒಬ್ಬರದು ಮುಷ್ಕರದ ಕಥೆ, ಇನ್ನೊಬ್ಬರದು ಕೋರ್ಟು ಹತ್ತಿಳಿದ ಕಥೆ. ಮೇಷ್ಟ್ರ ಸರದಿ ಬಂದಾಗ ಹೇಳಲು ಏನೂ ಇರಲಿಲ್ಲ. ನನಗೆ ಅಂಥದ್ದೇನೂ ಆಗಲಿಲ್ಲ ಅಂದರು. ಉಳಿದ ಹದಿಮೂರು ಜನ ಅವರನ್ನು ಹೊಟ್ಟೆಕಿಚ್ಚಿನಿಂದ ನೋಡಿದರು.

ಅವರ ಪಾಲಿಗೆ ಬಂದವರು ಮೂವತ್ತೆಂಟರ ಆಸುಪಾಸಿನ ಒಬ್ಬ ಪ್ರಿನ್ಸಿಪಾಲ್ ಮೇಡಂ. ನಿನ್ನೆ ಮೊನ್ನೆಯವರೆಗೆ ಗಣಿತ ಹೇಳಿಕೊಡುತ್ತಿದ್ದವರು. ಈಗ ಆರುನೂರು ಮಕ್ಕಳ ಶಾಲೆಯೊಂದು ಅವರ ತಲೆಯ ಮೇಲಿತ್ತು. ಮೊದಲ ಗುರುವಾರ ಮೇಷ್ಟ್ರು ಹೋದಾಗ ಪ್ರಿನ್ಸಿಪಾಲರ ಕೊಠಡಿಯ ಹೊರಗೆ ಗೋಡೆಗೆ ಆನಿಸಿದ ಉದ್ದನೆಯ ಬೆಂಚಿತ್ತು, ಬೆಂಚಿನ ತುಂಬ ಜನರಿದ್ದರು. ಫೀಸಿನ ಕಂತು ಕೇಳಲು ಬಂದ ಅಪ್ಪ, ರಜೆ ಚೀಟಿ ಹಿಡಿದ ಶಿಕ್ಷಕಿ, ಶಾಲಾ ವ್ಯಾನಿನ ಡ್ರೈವರ್, ನೀರಿನ ಟ್ಯಾಂಕು ಉಕ್ಕುತ್ತಿದೆ ಅಂತ ಹೇಳಲು ಬಂದ ಜವಾನ, ಮೂಗಿಗೆ ಹತ್ತಿ ಇಟ್ಟುಕೊಂಡ ಒಬ್ಬ ಹುಡುಗಿ. ಒಳಗೆ ಮೇಡಂ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದರು. ಮಧ್ಯಾಹ್ನದ ಊಟದ ಡಬ್ಬಿ ನಾಲ್ಕು ಗಂಟೆಗೂ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ತಾವು ಕೂತು ಎದ್ದು ಬಂದ ಕುರ್ಚಿಯೂ ಇದೇ ಹೌದೇ ಅನ್ನಿಸಿತು ಮೇಷ್ಟ್ರಿಗೆ.

"ನನ್ನ ಬಾಗಿಲಲ್ಲಿ ಬೆಂಚೇ ಇರಲಿಲ್ಲವಮ್ಮ," ಅಂದರು.

ಮೇಡಂ ಪೆನ್ನು ತೆಗೆದುಕೊಂಡರು. "ಹೇಗೆ ಸರ್ ಅದು?"

ಮೇಷ್ಟ್ರು ಶಿಸ್ತು ಅಂದರು. ಮೇಡಂ ನೋಟ್‌ಬುಕ್ಕಿನಲ್ಲಿ ಶಿಸ್ತು ಅಂತ ಬರೆದು, ಕೆಳಗೆ ಗೆರೆ ಎಳೆದು, ಮುಂದಿನ ಮಾತಿಗಾಗಿ ಪೆನ್ನೆತ್ತಿ ಕಾದರು. ಗಣಿತದವರಿಗೆ ಉತ್ತರ ಬಂದರೆ ಸಾಲದು, ಲೆಕ್ಕ ಬಿಡಿಸಿದ ಮೆಟ್ಟಿಲುಗಳೂ ಬೇಕು. ಮೇಷ್ಟ್ರ ಹತ್ತಿರ ಮೆಟ್ಟಿಲುಗಳಿರಲಿಲ್ಲ.

ಮನೆಗೆ ಬಂದು, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ತಾವು ಏನೇನು ಮಾಡುತ್ತಿದ್ದೆವು ಅಂತ ಬರೆಯಲು ಕೂತರು. ಪ್ರಾರ್ಥನೆಯ ಹೊತ್ತಿಗೆ ಎರಡು ಒಳ್ಳೆಯ ಮಾತು. ಹತ್ತನೇ ತರಗತಿಗೆ ಭಾಷಾಪಾಠ. ಸಹಿ. ಮಧ್ಯಾಹ್ನ ಗ್ರಂಥಾಲಯ. ನಾಲ್ಕು ಸಾಲಿಗೆ ದಿನ ಮುಗಿದುಹೋಯಿತು. ಯೋಚಿಸಿ ಯೋಚಿಸಿ ಕೊನೆಗೊಂದು ನೆನಪಾಯಿತು: ತಮ್ಮ ಬಾಗಿಲಿನ ಹೊರಗೆ ಬೆಂಚಿರಲಿಲ್ಲ ನಿಜ, ಆದರೆ ಒಂದು ಮೇಜಿತ್ತು. ಆ ಮೇಜಿಗೆ ಕೂರುತ್ತಿದ್ದವರು ಉಪಮುಖ್ಯೋಪಾಧ್ಯಾಯಿನಿ. ಶಾಲೆಗೆಲ್ಲ ಅವರು ದೊಡ್ಡಕ್ಕ.

ಎರಡನೇ ಗುರುವಾರ ಮೇಷ್ಟ್ರು ಈ ಮಾತು ಹೇಳಿದ್ದೇ ತಡ, ಮೇಡಂ ಮರುದಿನವೇ ಜಾರಿಗೆ ತಂದರು. ಅವರ ಶಾಲೆಯ ವೈಸ್ ಪ್ರಿನ್ಸಿಪಾಲ್ ಗಟ್ಟಿಮುಟ್ಟಾದ, ನಗುಮುಖದ ಮನುಷ್ಯ; ಬಾಗಿಲಿನ ಹೊರಗೆ ಮೇಜು ಹಾಕಿಕೊಂಡು ಕೂತೇಬಿಟ್ಟರು. ಮೂರನೇ ಗುರುವಾರ ಮೇಷ್ಟ್ರು ಹೋಗುವಷ್ಟರಲ್ಲಿ ಬೆಂಚು ಖಾಲಿ. ಕೊಠಡಿಯೊಳಗೆ ಫ್ಯಾನಿನ ಸದ್ದು ಬಿಟ್ಟರೆ ಸದ್ದಿಲ್ಲ. ಮೇಡಂ ಮಧ್ಯಾಹ್ನ ಒಂದೂವರೆಗೆ ಊಟ ಮಾಡಿದ್ದರು, ಮೂರು ವರ್ಷದ ಫಲಿತಾಂಶ ಹರಡಿಕೊಂಡು ಕೂತಿದ್ದರು. ಮುಖಕ್ಕೆ ಕಳೆ ಬಂದಿತ್ತು. ನೀವು ನನ್ನ ಪಾಲಿನ ದೇವರು ಸರ್ ಅಂತ ಅಂದೇಬಿಟ್ಟರು. ಆಮೇಲೆ ಒಂದು ಸಣ್ಣ ಪ್ರಶ್ನೆ ಕೇಳಿದರು: ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಂದಲೇ ಕಳಿಸಬೇಕು ಅನ್ನೋದಕ್ಕೆ ನಿಮ್ಮ ದೊಡ್ಡಕ್ಕನವರು ಏನು ಲೆಕ್ಕ ಇಟ್ಟುಕೊಂಡಿದ್ದರು? ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನಮ್ಮ ಅಂದರು.

ದೊಡ್ಡಕ್ಕ ಇದ್ದದ್ದು ಅದೇ ಊರಿನಲ್ಲಿ, ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಮೇಷ್ಟ್ರು ನಿವೃತ್ತರಾದ ಮರುತಿಂಗಳೇ ಆಕೆಯೂ ಕೆಲಸ ಬಿಟ್ಟಿದ್ದರು. ಆಮೇಲೆ ಹನ್ನೊಂದು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಹೋದಾಗ ದೊಡ್ಡಕ್ಕ ಪ್ಲಾಸ್ಟಿಕ್ ಟಬ್ಬಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಂಡಿ ನೋವಂತೆ. ಎದ್ದು ನಿಲ್ಲಲು ಹೋದವರನ್ನು ಮೇಷ್ಟ್ರು ತಡೆದು, ಕುಶಲ ವಿಚಾರಿಸಿ, ಬಂದ ಕಾರಣ ಹೇಳಿ, ಮೇಡಂ ಕೇಳಿದ್ದ ಪ್ರಶ್ನೆಯನ್ನೇ ಕೇಳಿದರು.

"ಲೆಕ್ಕ ಏನು ಬಂತು ಸರ್," ಅಂದರು ದೊಡ್ಡಕ್ಕ. "ಯಾರನ್ನೂ ಬಿಡ್ತಿರಲಿಲ್ಲ."

ಮೇಷ್ಟ್ರು ನಕ್ಕರು. ದೊಡ್ಡಕ್ಕ ನಗಲಿಲ್ಲ.

"ನಿಜವಾಗ್ಲೂ ಸರ್. ಬಹುಮಾನ ಗೆದ್ದೋರು, ಮದುವೆಗೆ ಕರೆಯೋಕೆ ಬಂದೋರು, ಹಳೇ ವಿದ್ಯಾರ್ಥಿಗಳು, ಇಂಥೋರನ್ನ ಬಿಡ್ತಿದ್ದೆ. ಅಳ್ತಾ ಬಂದೋರು, ಸಿಟ್ಟಲ್ಲಿ ಬಂದೋರು ಒಬ್ಬರೂ ನಿಮ್ಮ ಹೊಸ್ತಿಲು ದಾಟಿಲ್ಲ. ನಾವೆಲ್ಲ ಸೇರಿ ಹಾಗಂತ ತೀರ್ಮಾನ ಮಾಡ್ಕೊಂಡಿದ್ವಿ. ಅದಕ್ಕೇ ಅಲ್ವಾ ನಿಮಗೆ ಗಾಜು ಅಂತ ಹೆಸರು ಬಿದ್ದಿದ್ದು. ಜೋಪಾನವಾಗಿ ಹಿಡೀಬೇಕು, ಕೈ ಜಾರಿದ್ರೆ ಹೋಯ್ತು ಅಂತ."

ಮೇಷ್ಟ್ರು ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸತೊಡಗಿದರು. ದೊಡ್ಡಕ್ಕ ಎಷ್ಟೋ ವರ್ಷದಿಂದ ಹೊತ್ತ ಮೂಟೆ ಇಳಿಸುವವರ ಹಾಗೆ ಹೇಳುತ್ತಾ ಹೋದರು. ಮೇಷ್ಟ್ರು ಮುಖ್ಯೋಪಾಧ್ಯಾಯರಾದ ಎರಡನೇ ವರ್ಷ ಒಂದು ಮಗು ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿತ್ತು. ಅದರ ಅಪ್ಪ ಬಂದು ಮೇಷ್ಟ್ರ ಮೇಜಿನ ಎದುರು ನಿಂತು ಅರ್ಧ ಗಂಟೆ ಕೂಗಾಡಿ ಹೋದ. ಅವನು ಹೋದ ಮೇಲೆ ಮೇಷ್ಟ್ರು ಕುರ್ಚಿಯಿಂದ ಏಳಲಾಗದೆ ನಡುಗುತ್ತಾ ಕೂತಿದ್ದರು. ಇಬ್ಬರು ಹಿಡಿದುಕೊಂಡು ಮನೆಗೆ ಬಿಟ್ಟು ಬಂದರು. ಆಮೇಲೆ ಹದಿನೆಂಟು ದಿನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಆ ಹದಿನೆಂಟು ದಿನ ಮೇಷ್ಟ್ರಿಗೆ ನೆನಪಿತ್ತು. ಅದು ವಿಷಮಜ್ವರ ಅಂತ ಅವರು ತಿಳಿದಿದ್ದರು. ಇಪ್ಪತ್ತೆಂಟು ವರ್ಷದಿಂದ ಕೇಳಿದವರಿಗೆಲ್ಲ ಹಾಗೇ ಹೇಳಿಕೊಂಡೂ ಬಂದಿದ್ದರು.

ಜ್ವರ ಗಿರ ಏನೂ ಇರಲಿಲ್ಲ, ಮನಸ್ಸು ಕುಸಿದಿದೆ ಅಂತ ಡಾಕ್ಟರು ಹೇಳಿದ್ದರಂತೆ. ಇವರನ್ನು ಕಳೆದುಕೊಂಡರೆ ಇನ್ಯಾರೋ ದರ್ಪದವರು ಬಂದು ಕೂರುತ್ತಾರೆ ಅಂತ ಶಿಕ್ಷಕರೆಲ್ಲ ಹೆದರಿದರು. ಪಾಠಕ್ಕೆ ನಿಂತರೆ ನಿಮ್ಮಂಥವರು ಇನ್ನೊಬ್ಬರಿರಲಿಲ್ಲ ಸರ್, ಮಕ್ಕಳು ನಿಮ್ಮ ಮಾತು ಕೇಳೋಕೆ ಅಂತಲೇ ಬೇಗ ಬರ್ತಿದ್ರು ಅಂದರು ದೊಡ್ಡಕ್ಕ. ಹಾಗಾಗಿ ಹೊರಗೊಂದು ಮೇಜು ಬಂತು. ಜಗಳ, ಕಳವು, ಕಾಯಿಲೆ, ಕಣ್ಣೀರು ಎಲ್ಲ ಆ ಮೇಜಿನಲ್ಲೇ ತೀರಬೇಕು. ಹದಿನೇಳು ವರ್ಷ ದೊಡ್ಡಕ್ಕ ಒಂದು ದಿನ ರಜೆ ಹಾಕಲಿಲ್ಲ. ತಾವಿಲ್ಲದ ದಿನ ಯಾರಾದರೂ ಒಳಗೆ ಹೋಗಿಬಿಟ್ಟರೆ ಅನ್ನುವ ದಿಗಿಲು. ಸ್ವಂತ ತಂಗಿಯ ಮದುವೆಗೂ ಮುಹೂರ್ತಕ್ಕೆ ಹೋಗಿ ಮಧ್ಯಾಹ್ನ ವಾಪಸು ಬಂದಿದ್ದರಂತೆ.

ಟಬ್ಬಿನ ನೀರು ತಣ್ಣಗಾಗಿತ್ತು. ದೊಡ್ಡಕ್ಕ ಕಾಲು ತೆಗೆದು ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ, ಇದೊಂದು ನನ್ನ ಗಂಟಲಲ್ಲೇ ಕೂತಿದೆ ಅಂದರು.

ಹದಿನಾರು ವರ್ಷದ ಹಿಂದೆ ವಿಜ್ಞಾನದ ಶಿಕ್ಷಕರೊಬ್ಬರು ಏಳನೇ ತರಗತಿಯ ಹುಡುಗಿಯ ಕೆನ್ನೆಗೆ ಬಾರಿಸಿದ್ದರು. ಏಟು ಕಿವಿಗೆ ಬಿತ್ತು. ಎಡಗಿವಿ ಹೋಯಿತು. ದೊಡ್ಡಕ್ಕ ಆ ಹುಡುಗಿಯನ್ನು ಕರೆದುಕೊಂಡು ನಾಲ್ಕು ತಿಂಗಳು ಕಿವಿ ಡಾಕ್ಟರ ಹತ್ತಿರ ಓಡಾಡಿದರು, ಮನೆಯವರ ಕೈಕಾಲು ಹಿಡಿದು ಸಮಾಧಾನ ಮಾಡಿದರು. ಶಿಕ್ಷಕರನ್ನು ಸದ್ದಿಲ್ಲದೆ ಬೇರೆ ಶಾಲೆಗೆ ಸಾಗಹಾಕಿದರು.

"ಒಳ್ಳೇ ಪತ್ರ ಇಲ್ದೆ ಅವರನ್ನ ಯಾರೂ ತಗೊಳ್ತಿರಲಿಲ್ಲ ಸರ್. ಅದಕ್ಕೆ ನಿಮ್ಮ ಕೈಲಿ ಬರೆಸಿದೆ."

ಮೇಷ್ಟ್ರಿಗೆ ಆ ಪತ್ರ ನೆನಪಿತ್ತು. ತಾವು ಬರೆದ ಯಾವ ಪತ್ರವನ್ನೂ ಅವರು ಮರೆತವರಲ್ಲ. ಮಕ್ಕಳನ್ನು ಹೊಟ್ಟೆಯ ಮಕ್ಕಳಂತೆ ಕಂಡವರು ಅಂತ ಒಂದು ಸಾಲು ಹಾಕಿದ್ದರು, ಹಾಕಿ ತಾವೇ ಮೆಚ್ಚಿಕೊಂಡಿದ್ದರು. ಈಗ ಆ ಸಾಲು ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ನಿಂತಿತು. ಗೋಡೆ ಹಿಡಿದುಕೊಂಡೇ ಎದ್ದರು, ಗೋಡೆ ಹಿಡಿದುಕೊಂಡೇ ಮೂರು ಮಹಡಿ ಇಳಿದರು. ಹೋಗಿಬರುತ್ತೇನೆ ಅಂತ ಹೇಳಿದರೋ ಇಲ್ಲವೋ ಅದೂ ಆಮೇಲೆ ನೆನಪಾಗಲಿಲ್ಲ.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದವರು ಮುಖ ನೋಡಿಯೇ ಗಾಬರಿಯಾದರು. ನೀರು ಕುಡಿಸಿ, ಫ್ಯಾನು ಹಾಕಿ, ಕಾಲು ಚಾಚಿ ಕೂರಿಸಿದರು. ಮೇಷ್ಟ್ರು ಕೇಳಿದ್ದು ಒಂದೇ ಮಾತು.

"ನನಗೆ ಬಂದಿದ್ದು ವಿಷಮಜ್ವರ ಅಲ್ವಂತೆ. ನಿನಗೆ ಗೊತ್ತಿತ್ತಾ?"

ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತರು. "ಗೊತ್ತಿತ್ತು ರೀ. ಆ ಮೇಜು ಹಾಕೋಕೆ ಮುಂಚೆ ಅವರೆಲ್ಲ ನನ್ನನ್ನ ಬಂದು ಕೇಳಿದ್ರು. ಹಾಗೇ ಮಾಡಿ ಅಂತ ನಾನೇ ಹೇಳ್ದೆ. ನೀವು ಇನ್ನೊಂದು ಸಲ ಹಾಗೆ ಮಲಗಿದ್ರೆ ಏಳ್ತಿರಲಿಲ್ಲ."

ಮನೆಯಾಚೆ ಒಂದು ಗೋಡೆ ಇತ್ತು ಅಂತ ಮೇಷ್ಟ್ರಿಗೆ ಬೆಳಿಗ್ಗೆ ಗೊತ್ತಾಗಿತ್ತು; ಮನೆಯೊಳಗೂ ಒಂದಿತ್ತು ಅಂತ ಈಗ ಗೊತ್ತಾಯಿತು. ಸಿಟ್ಟು ಮಾಡಿಕೊಳ್ಳೋಣ ಅಂದರೆ ಸಿಟ್ಟು ಯಾರ ಮೇಲೆ? ಎಲ್ಲರೂ ಅವರ ಮೇಲಿನ ಅಕ್ಕರೆಗೇ ಮಾಡಿದ್ದರು. ಕಿವಿ ಕಳೆದುಕೊಂಡ ಹುಡುಗಿಯ ವಿಷಯ ಮಾತ್ರ ಹೆಂಡತಿಗೂ ಗೊತ್ತಿರಲಿಲ್ಲ. ಕೇಳಿ ಬಾಯಿಗೆ ಸೆರಗು ಒತ್ತಿಕೊಂಡರು. ಶನಿವಾರ, ಭಾನುವಾರ ಎರಡು ದಿನ ಮೇಷ್ಟ್ರು ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾರೋ ಏನೋ ಅಂತ ಹೆಂಡತಿ ಗಂಟೆಗೊಮ್ಮೆ ಬಂದು ಇಣುಕಿ ಹೋಗುತ್ತಿದ್ದರು. ಅವರು ಮಲಗಲಿಲ್ಲ. ಎದ್ದು ಕೂತೇ ಇದ್ದರು.

ಸೋಮವಾರ ಬೆಳಿಗ್ಗೆ ದೊಡ್ಡಕ್ಕನಿಗೆ ಫೋನು ಮಾಡಿ ಆ ಹುಡುಗಿ ಈಗ ಎಲ್ಲಿದ್ದಾಳೆ ಅಂತ ಕೇಳಿದರು. ದೊಡ್ಡಕ್ಕ ಬೇಡ ಸರ್ ಅಂದರು. ಮೇಷ್ಟ್ರು ಮತ್ತೆ ಕೇಳಿದರು.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲೊಂದು ಕೊರಿಯರ್ ಕಚೇರಿ. ಗಾಜಿನ ತಡೆಯ ಹಿಂದೆ ಪಾರ್ಸೆಲ್ ತೂಗುತ್ತಾ ಇಪ್ಪತ್ತೆಂಟರ ಒಬ್ಬ ಹೆಂಗಸು ಕೂತಿದ್ದಳು. ಯಾರು ಮಾತಾಡಿದರೂ ಮುಖ ಪೂರ್ತಿ ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ಗಾಜಿನ ತೂತಿನ ಹತ್ತಿರ ತರುತ್ತಿದ್ದಳು. ಮೇಷ್ಟ್ರು ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತು ಅದನ್ನು ಮೂರು ಸಲ ನೋಡಿದರು.

ಅವಳಿಗೆ ಗುರುತು ಸಿಕ್ಕಿತು. ಎದ್ದು ನಿಂತು, ಸರ್, ಪಾರ್ಸೆಲ್ಲಾ ಅಂತ ಕೇಳಿದಳು. ಮೇಷ್ಟ್ರು ಪಾರ್ಸೆಲ್ ಅಲ್ಲಮ್ಮ, ನಿನ್ನ ಕಿವಿಯ ವಿಷಯ, ನನಗೆ ಮೊನ್ನೆ ಗೊತ್ತಾಯಿತು ಅಂದರು. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಮೇಷ್ಟ್ರು ಅದೇ ಮಾತನ್ನು ಇನ್ನೊಮ್ಮೆ, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಹೇಳಬೇಕಾಯಿತು.

ಅವಳು ಪಕ್ಕದವಳಿಗೆ ತಕ್ಕಡಿ ನೋಡಿಕೋ ಅಂತ ಹೇಳಿ ಹೊರಗೆ ಬಂದಳು. ಪಾರ್ಸೆಲ್ ಚೀಲಗಳ ರಾಶಿಯ ಪಕ್ಕ, ಮೇಷ್ಟ್ರು ತನ್ನ ಬಲಕ್ಕೆ ಬರುವಂತೆ ನಿಂತುಕೊಂಡಳು.

"ಮೊನ್ನೆ ಗೊತ್ತಾಯ್ತಾ? ನಿಮಗೆ ಆಗ್ಲೇ ಗೊತ್ತಿತ್ತು ಅಂದ್ಕೊಂಡಿದ್ದೆ ನಾನು. ದಿನಾ ಪ್ರಾರ್ಥನೆಯಲ್ಲಿ ನಮ್ಮ ಎದುರಿಗೇ ನಿಂತು ಮಾತಾಡ್ತಿದ್ರಿ. ಗೊತ್ತಿದ್ದೂ ಈ ಸರ್ ಹೀಗೆ ನಗ್ತಾ ಮಾತಾಡ್ತಾರಲ್ಲ ಅಂತ ಮೂರು ವರ್ಷ ನಿಮ್ಮ ಮುಖಾನೇ ನೋಡ್ತಿದ್ದೆ."

"ಇಲ್ಲಮ್ಮ. ಗೊತ್ತಿರಲಿಲ್ಲ."

"ಇವೆರಡರಲ್ಲಿ ಯಾವುದು ಕೆಟ್ಟದ್ದು ಅಂತ ನನಗೆ ಗೊತ್ತಾಗ್ತಿಲ್ಲ ಸರ್," ಅಂದಳು. ಕ್ಷಮೆ ಕೇಳಲು ಮೇಷ್ಟ್ರು ಬಾಯಿ ತೆರೆದರೆ, ಅದೆಲ್ಲ ಬೇಡ, ಒಳಗೆ ಜನ ಕಾಯ್ತಿದ್ದಾರೆ ಅಂದು ಹೊರಟಳು. ಎರಡು ಹೆಜ್ಜೆ ಹೋಗಿ ತಿರುಗಿ, ಆ ವಿಜ್ಞಾನದ ಸರ್ ಈಗ ಎಲ್ಲಿದ್ದಾರೆ ಅಂತ ಕೇಳಿದಳು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವಳು ತಲೆಯಾಡಿಸಿ ಒಳಗೆ ಹೋದಳು.

ಮೇಷ್ಟ್ರು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದಾಗ ಫೋನು ಬಡಿದುಕೊಂಡಿತು. ಪ್ರಿನ್ಸಿಪಾಲ್ ಮೇಡಂ. ದನಿಯಲ್ಲಿ ಹುಡುಗಾಟದ ಖುಷಿ. ಸರ್, ಇವತ್ತು ಬೆಳಿಗ್ಗೆಯಿಂದ ಒಬ್ಬರೂ ನನ್ನ ಬಾಗಿಲಿಗೆ ಬರಲಿಲ್ಲ, ನಿಮಗೆ ಹೇಳೋಣ ಅನ್ನಿಸಿತು ಅಂದರು.

ತಾವು ಆ ಶಾಲೆಗೆ ಹೋಗಿ ಏನು ನೆಟ್ಟು ಬಂದಿದ್ದೇವೆ ಅನ್ನುವುದು ಆ ಕ್ಷಣದವರೆಗೂ ಮೇಷ್ಟ್ರಿಗೆ ಹೊಳೆದಿರಲಿಲ್ಲ. ಗುರುವಾರಕ್ಕೆ ಕಾಯದೆ ಸಿಕ್ಕ ಆಟೋ ಹತ್ತಿದರು.

ಮೇಡಂ ಎದುರು ಕೂತು, ಆದದ್ದೆಲ್ಲ ಹೇಳಿದರು. ಬೆಂಚಿಲ್ಲದ ಬಾಗಿಲು, ಜ್ವರವಲ್ಲದ ಜ್ವರ, ಹೋದ ಕಿವಿ, ತಮ್ಮ ಕೈಬರಹದ ಪತ್ರ, ಯಾವುದನ್ನೂ ಬಿಡಲಿಲ್ಲ. ಮೇಡಂ ಮೊದಮೊದಲು ಅಯ್ಯೋ ಸರ್ ಅನ್ನುತ್ತಿದ್ದವರು ಕೊನೆಗೆ ಎದ್ದು ಹೋಗಿ ವೈಸ್ ಪ್ರಿನ್ಸಿಪಾಲರನ್ನು ಕರೆತಂದರು. ಮೇಜು ಹಾಕಿದಂದಿನಿಂದ ಯಾರು ಯಾರು ಬಂದಿದ್ದರು ಅಂತ ಕೇಳಿದರು.

ಆ ಮನುಷ್ಯ ಅಚ್ಚುಕಟ್ಟು. ಒಂದು ಡೈರಿ ಇಟ್ಟಿದ್ದರು. ಏಳು ಕೆಲಸದ ದಿನ, ಇಪ್ಪತ್ಮೂರು ಜನ. ಒಂದು ರಗಳೆಯನ್ನೂ ನಿಮ್ಮವರೆಗೆ ಬಿಡಲಿಲ್ಲ ಮೇಡಂ ಅಂತ ಹೆಮ್ಮೆಯಿಂದಲೇ ಓದಿದರು. ಸಮವಸ್ತ್ರದ ಅಳತೆ, ವ್ಯಾನಿನ ಹೊತ್ತು, ಬೆಂಚಿನ ಮೊಳೆ. ನಡುನಡುವೆ ಒಂದೇ ಹೆಸರು ಮೂರು ಸಲ ಬಂತು: ಮೂರನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ. ವಿಷಯ, ಶೌಚಾಲಯದ ಚಿಲಕ. ಸಮಾಧಾನ ಹೇಳಿ ಕಳಿಸಲಾಯಿತು. ಹೇಳಿ ಕಳಿಸಲಾಯಿತು. ಹೇಳಿ ಕಳಿಸಲಾಯಿತು.

ಮೇಡಂ ಹಾಜರಿ ಪುಸ್ತಕ ತರಿಸಿದರು. ಆ ಹುಡುಗಿ ಎರಡು ದಿನದಿಂದ ಬಂದಿರಲಿಲ್ಲ. ಮನೆಗೆ ಫೋನು ಮಾಡಿದರೆ ಆಸ್ಪತ್ರೆಯಲ್ಲಿದ್ದಾಳೆ ಅಂದರು.

ಮಕ್ಕಳ ವಾರ್ಡಿನ ಕೊನೆಯ ಮಂಚದ ಮೇಲೆ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಗು ನಿದ್ದೆ ಮಾಡುತ್ತಿತ್ತು. ಅಜ್ಜಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಚಿಲಕ ಮುರಿದ ಬಾಗಿಲನ್ನು ದೊಡ್ಡ ಹುಡುಗಿಯರು ಬೇಕೆಂದೇ ತಳ್ಳಿ ನಗುತ್ತಾರೆ ಅಂತ ಮಗು ಶಾಲೆಯಲ್ಲಿ ಶೌಚಾಲಯಕ್ಕೆ ಹೋಗುವುದನ್ನೇ ಬಿಟ್ಟಿತ್ತು. ಹೋಗಬಾರದು ಅಂತ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಸೋಂಕು ಮೂತ್ರಪಿಂಡದವರೆಗೆ ಏರಿತ್ತು, ಜ್ವರ ನೂರಮೂರು ದಾಟಿತ್ತು. ಹೊತ್ತಿಗೆ ತಂದಿದ್ದೀರಿ, ಭಯವಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ.

"ಮೂರು ಸಲ ಬಂದಿದ್ದೆ ತಾಯಿ," ಅಂದರು ಅಜ್ಜಿ. ದನಿಯಲ್ಲಿ ಜಗಳವಿರಲಿಲ್ಲ. "ಪಾಪ, ಆ ಸರ್ ಒಳ್ಳೆಯವರು. ಮೂರು ಸಲಾನೂ ಕೂರಿಸಿ, ಕುಡಿಯೋಕೆ ನೀರು ಕೊಟ್ಟು ಕಳಿಸಿದ್ರು."

ಮೇಡಂ ಮಂಚದ ಕಂಬಿ ಹಿಡಿದುಕೊಂಡರು. ಹೊರಗೆ ಆಟೋದಲ್ಲಿ ಕೂತ ಮೇಲೆ ಮೇಷ್ಟ್ರ ಕಡೆ ತಿರುಗದೆ ಹೇಳಿದರು: "ನಿಮ್ಮ ಮಾತು ಕೇಳಿ ಮಾಡಿದ್ದು ಸರ್ ನಾನು."

"ಹೌದಮ್ಮ," ಅಂದರು ಮೇಷ್ಟ್ರು.

ಅಂದೇ ಮಧ್ಯಾಹ್ನ ಬಡಗಿ ಬಂದ. ಹನ್ನೊಂದು ಬಾಗಿಲುಗಳಿಗೆ ಚಿಲಕ ಹಾಕಲು ಅವನಿಗೆ ಎರಡು ಗಂಟೆಯೂ ಬೇಕಾಗಲಿಲ್ಲ. ಮೇಷ್ಟ್ರು ಬಿಸಿಲಲ್ಲಿ ನಿಂತು, ಪ್ರತಿ ಬಾಗಿಲನ್ನೂ ಒಳಗಿಂದ ಹಾಕಿ, ಹೊರಗಿಂದ ತಳ್ಳಿಸಿ ನೋಡಿದರು. ಆಮೇಲೆ ಮೇಡಂ ಹತ್ತಿರ ಹೋಗಿ, ನನ್ನ ಬದಲು ಬೇರೆಯವರನ್ನು ಕೊಡಿ ಅಂತ ಕಚೇರಿಗೆ ಬರೆಯಿರಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಅಂದರು. ಮೇಡಂ ಯೋಚನೆ ಮಾಡಿ ಹೇಳುತ್ತೇನೆ ಸರ್ ಅಂದರು.

ಮೂರು ದಿನ ಬಿಟ್ಟು ಮೇಡಂ ಫೋನು ಮಾಡಿದರು. ಮಗು ಮನೆಗೆ ಬಂದಿದೆ ಅಂದರು ಮೊದಲು. ಆಮೇಲೆ, ಸರ್, ನಾನು ಯೋಚನೆ ಮಾಡಿದೆ, ನೀವು ಬಂದು ಹೇಳದೇ ಇದ್ದಿದ್ದರೆ ನನಗೆ ಇದು ಈ ವರ್ಷ ಗೊತ್ತಾಗುತ್ತಲೇ ಇರಲಿಲ್ಲ ಅಂದರು. ನೀವು ಬನ್ನಿ, ಆದರೆ ದೊಡ್ಡಕ್ಕನವರನ್ನೂ ಕರ್ಕೊಂಡು ಬನ್ನಿ. ಕೆಲಸ ಮಾಡಿದವರು ಅವರು.

ಶಿಕ್ಷಣ ಕಚೇರಿಯ ಅಧಿಕಾರಿ ಅದಕ್ಕೆ ಒಪ್ಪಲಿಲ್ಲ. ಯೋಜನೆ ಇರುವುದು ಮಾಜಿ ಮುಖ್ಯಸ್ಥರಿಗೆ, ಆಕೆ ಎಂದೂ ಮುಖ್ಯಸ್ಥರಾಗಿರಲಿಲ್ಲವಲ್ಲ ಅಂದರು. ಹತ್ತೊಂಬತ್ತರಲ್ಲಿ ಹದಿನೇಳು ವರ್ಷ ಆಕೆಯೇ ಆಗಿದ್ದರು ಅಂದರು ಮೇಷ್ಟ್ರು. ಅಧಿಕಾರಿ ಇದೇನೋ ತಮಾಷೆ ಅಂದುಕೊಂಡು ನಕ್ಕರು. ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಪ್ರತಿ ಗುರುವಾರ ದೊಡ್ಡಕ್ಕನ ಮಂಡಿಗೆ ಆಸರೆಯಾಗಿ ಮೂರು ಮಹಡಿ ಇಳಿಸಿಕೊಂಡು ಬಂದು, ವಾರದ ವರದಿಯಲ್ಲಿ ಭೇಟಿಗೆ ಹೋದವರು ಇಬ್ಬರು ಅಂತಲೇ ಬರೆಯುತ್ತಾ ಬಂದರು. ವರದಿಯನ್ನು ಯಾರೂ ಓದುವುದಿಲ್ಲ ಅನ್ನುವುದೂ ಅವರಿಗೆ ಹಾಗೇ ಗೊತ್ತಾಯಿತು.

ಹೊರಗಿನ ಮೇಜು ಒಳಗೆ ಬಂತು. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ, ಸಂಜೆ ಮೂರರಿಂದ ನಾಲ್ಕು ಪ್ರಿನ್ಸಿಪಾಲರೂ ವೈಸ್ ಪ್ರಿನ್ಸಿಪಾಲರೂ ಅಕ್ಕಪಕ್ಕ ಕೂತು ಬಂದವರನ್ನೆಲ್ಲ ಕಾಣುವುದು, ಉಳಿದ ಹೊತ್ತು ಬಾಗಿಲು ಹಾಕಿಕೊಂಡು ತಮ್ಮ ಕೆಲಸ ಮಾಡುವುದು ಅಂತ ದೊಡ್ಡಕ್ಕ ಏರ್ಪಾಡು ಮಾಡಿಕೊಟ್ಟರು. ಯಾರದು ಈಗಲೇ ಕೇಳಬೇಕಾದ ಮಾತು, ಯಾರದು ನಾಳೆಗೆ ನಿಲ್ಲುವ ಮಾತು ಅಂತ ಮುಖ ನೋಡಿ ಹೇಳುವುದನ್ನು ಇಬ್ಬರಿಗೂ ಕಲಿಸಿದರು. ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಜೋರು ದನಿಯವರು ಬಂದಾಗ ಮೊದಮೊದಲು ಅವರಿಗೆ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತಿತ್ತು. ಹೋಗಲಿಲ್ಲ. ತಮ್ಮ ಶಾಲೆಯಲ್ಲಿ ಗೋಡೆಯಾಚೆ ದಿನಾ ನಡೆಯುತ್ತಿದ್ದದ್ದು ಇದೇ ಅಂತ ನೋಡುತ್ತಾ ನೋಡುತ್ತಾ ಅವರಿಗೆ ಅಡಿಗಡಿಗೆ ಬೆರಗಾಗುತ್ತಿತ್ತು. ಒಂದು ದಿನ ದೊಡ್ಡಕ್ಕನನ್ನು, ಹದಿನೇಳು ವರ್ಷ ಇದನ್ನೆಲ್ಲ ಹೇಗೆ ತಡೆದುಕೊಂಡಿರಿ ಅಂತ ಕೇಳಿದರು. ತಡ್ಕೊಳ್ಳಲಿಲ್ಲ ಸರ್, ಮನೆಗೆ ಹೋಗಿ ಅಳ್ತಿದ್ದೆ ಅಂದರು ದೊಡ್ಡಕ್ಕ, ಟಿಫಿನ್ ಡಬ್ಬಿಯ ಮುಚ್ಚಳ ಹಾಕುತ್ತಾ.

ವಿಜ್ಞಾನದ ಶಿಕ್ಷಕರನ್ನು ಮೇಷ್ಟ್ರು ಹುಡುಕಿಸಿದರು. ಅವರು ಇನ್ನೆರಡು ಶಾಲೆ ಬದಲಿಸಿ, ಹೋದ ವರ್ಷ ನಿವೃತ್ತರಾಗಿದ್ದರು. ಎರಡು ಕಡೆಯೂ ಮೇಷ್ಟ್ರ ಪತ್ರ ಕಡತದಲ್ಲಿತ್ತು. ಆ ಪತ್ರ ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆ ಶಾಲೆಗಳಲ್ಲಿ ಏನು ನಡೆಯಿತು ಅಂತ ವಿಚಾರಿಸಿ ಅಂತ ಅವರು ಇಲಾಖೆಗೆ ಬರೆದರು. ಕೊಟ್ಟ ಪ್ರಶಂಸಾಪತ್ರ ಹಿಂದಕ್ಕೆ ಪಡೆಯಲು ನಿಯಮಗಳಲ್ಲಿ ಅವಕಾಶವಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಮೇಷ್ಟ್ರು ಇನ್ನೊಂದು ಬರೆದರು. ಅದರ ನಕಲನ್ನು ಕೊರಿಯರ್ ಕಚೇರಿಗೆ ಒಯ್ದು ಗಾಜಿನ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದರು. ಅವಳು ನಿಂತೇ ಪೂರ್ತಿ ಓದಿದಳು. ನಾಲ್ಕಾಗಿ ಮಡಚಿ ಕೈಚೀಲದೊಳಗೆ ಇಟ್ಟುಕೊಂಡು, ಇದಕ್ಕೂ ಉತ್ತರ ಬಂದರೆ ತಂದು ತೋರಿಸಿ ಅಂದಳು. ಆಮೇಲೆ ಹಿಂದಿನವರನ್ನು ಕರೆದಳು.

ಆರು ತಿಂಗಳು ಮುಗಿದ ಮೇಲೆ ಹದಿನಾಲ್ಕು ಮಂದಿ ಮಾಜಿ ಮುಖ್ಯಸ್ಥರನ್ನು ಕಚೇರಿಯವರು ಮತ್ತೆ ಒಂದು ಕಡೆ ಸೇರಿಸಿದರು. ಒಬ್ಬೊಬ್ಬರೂ ತಾವು ಹೊಸಬರಿಗೆ ಏನು ಕಲಿಸಿದೆವು ಅಂತ ಹೇಳಬೇಕಿತ್ತು. ಮೇಷ್ಟ್ರು ಎದ್ದು ನಿಂತು ಆದದ್ದನ್ನು ಆದ ಹಾಗೆ ಹೇಳಿದರು. ನಡುವೆ ಎರಡು ಸಲ ನಿಲ್ಲಿಸಿ ನೀರು ಕುಡಿದರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಕೆಮ್ಮಿ, ಟೀ ವಿರಾಮ ಅಂದರು.

ಆ ಹದಿನಾಲ್ವರಲ್ಲಿ ಎತ್ತರದ, ಖಡಕ್ ಸೀರೆಯ ಒಬ್ಬ ಹೆಂಗಸಿದ್ದರು. ಇಪ್ಪತ್ತೆರಡು ವರ್ಷ ಹೆಣ್ಣುಮಕ್ಕಳ ದೊಡ್ಡ ಶಾಲೆಯೊಂದನ್ನು ನಡೆಸಿದವರು. ತಮ್ಮ ಕಾಲದಲ್ಲಿ ಒಂದು ಹಕ್ಕಿಯೂ ಅಳುಕದೆ ಆವರಣಕ್ಕೆ ಬರುತ್ತಿರಲಿಲ್ಲ ಅಂತ ಬೆಳಿಗ್ಗೆ ತಾನೇ ಹೇಳಿದ್ದರು. ಆಕೆ ಟೀ ಲೋಟ ಹಿಡಿದುಕೊಂಡು ವರಾಂಡಕ್ಕೆ ಹೋದರು. ಕೈ ತೊಳೆಯಲು ಹೋದ ಮೇಷ್ಟ್ರಿಗೆ ಆಕೆ ಫೋನಿನಲ್ಲಿ ತಮ್ಮ ಹಳೇ ಶಾಲೆಯ ಯಾರನ್ನೋ, ನೀವು ನನಗೆ ಹೇಳದೇ ಇದ್ದದ್ದು ಏನಾದರೂ ಇತ್ತಾ ಅಂತ ಕೇಳಿದ್ದು ಕೇಳಿಸಿತು. ಆ ಕಡೆಯವರು ಏನು ಹೇಳಿದರೋ. ಆಕೆ ಲೋಟವನ್ನು ಕಟ್ಟೆಯ ಮೇಲಿಟ್ಟು, ಒಂದು ಕೈಯಿಂದ ಕಂಬ ಹಿಡಿದು, ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. ಫೋನು ಕಿವಿಯಲ್ಲೇ ಇತ್ತು.